ಮೀನು ಹುಡುಕುವ ಮಿಷಿನ್ನೂ ಅಕ್ಕನ ಜೋಳದ ಹೊಲವೂ

ನಮ್ಮ ಆಫೀಸಿಗೆ ಹೋಗಿ ಮಾದೇಶ ಯಾರು ಅಂತ ಕೇಳಿದರೆ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. 'ಸೋಳಮೀನ್ ಸಾರ್' ಅನ್ನಿ, ವಾಚ್‌ಮನ್ ಎದ್ದು ನಿಂತು ನನ್ನ ಮನೆಯ ದಾರಿಯನ್ನೇ ಹೇಳಿಬಿಡುತ್ತಾನೆ. ತಮಿಳಿನಲ್ಲಿ ಸೋಳಂ ಅಂದರೆ ಜೋಳ. ಜೋಳಕ್ಕೂ ಮೀನಿಗೂ ಎಲ್ಲಿಯ ನಂಟು ಅಂತ ನಗಬೇಡಿ. ಆ ನಂಟು ಬೆಳೆಸಿದವನು ನಾನೇ.

ಮೊನ್ನೆ ಕೆಲಸಕ್ಕೆ ಹೊಸದಾಗಿ ಸೇರಿದವರು ಮೂರು ಜನ ಮನೆಗೆ ಬಂದಿದ್ದರು. "ಸಾರ್, ಫಿಶ್ ಫೈಂಡರ್ ಓದೋದು ಹೇಗೆ, ಒಂದು ಗಂಟೆ ಹೇಳಿಕೊಡಿ" ಅಂದರು. ಒಂದು ಗಂಟೆಯಂತೆ! ನನಗೆ ಇಪ್ಪತ್ತು ವರ್ಷ ಹಿಡಿದದ್ದು. ಕಾಫಿ ಕೊಟ್ಟು ಕಳಿಸಿದೆ. ಆಮೇಲೆ ಪಾಪ ಅನ್ನಿಸಿತು. ಬಟನ್ನುಗಳ ವಿಷಯ ಪುಸ್ತಕದಲ್ಲಿ ಇರುತ್ತದೆ. ಪುಸ್ತಕದಲ್ಲಿ ಇಲ್ಲದ್ದನ್ನು, ಅಂದರೆ ನಾನು ಮಾಡಿದ ತಪ್ಪುಗಳನ್ನು, ಬರೆದಿಡೋಣ ಅಂತ ಕೂತಿದ್ದೇನೆ.

ಮೆಟ್ಟೂರು ಅಣೆಕಟ್ಟಿನ ಹಿಂದೆ ನಿಂತ ನೀರಿನಲ್ಲಿ ಮೀನು ಎಲ್ಲಿವೆ, ಯಾವ ಜಾತಿಯವು, ಯಾವಾಗ ಮೊಟ್ಟೆ ಇಡುತ್ತವೆ ಎಂದು ನೋಡಿ ಬರೆಯುವ ಒಂದು ಸಣ್ಣ ಆಫೀಸು ನಮ್ಮದು. ನಾನು ದೋಣಿಯ ಕೆಲಸಕ್ಕೆ ಸೇರಿ ದೋಣಿಯ ಕೆಲಸದಲ್ಲೇ ರಿಟೈರ್ ಆದವನು. ನಡುವೆ ಪ್ರಮೋಷನ್ ಬಂದವು. ಅದರಿಂದ ಆಫೀಸಿನಲ್ಲಿ ಕುರ್ಚಿ ಬದಲಾಯಿತು, ದೋಣಿಯಲ್ಲಿ ನಾನು ಕೂರುವ ಹಲಗೆ ಅದೇ.

ಸೇರಿದಾಗ ಮಿಷಿನ್ ಇರಲಿಲ್ಲ, ಗೋವಿಂದಣ್ಣ ಇದ್ದ. ಆಫೀಸಿನ ಹಳೇ ದೋಣಿಗಾರ, ಬಾಯಲ್ಲಿ ಸದಾ ವೀಳ್ಯ. ಮೀನು ಎಲ್ಲಿದೆ ಅಂದರೆ ಹುಟ್ಟನ್ನು ನೀರಿಗೆ ಇಳಿಸಿ, ಅದರ ಹಿಡಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೂರುತ್ತಿದ್ದ. ಸ್ವಲ್ಪ ಹೊತ್ತಿಗೆ ವೀಳ್ಯ ಉಗಿದು, "ಇಲ್ಲಿಲ್ಲ, ಅತ್ತಗೆ ಓಗು" ಅನ್ನುತ್ತಿದ್ದ. ನಾನೂ ಎಷ್ಟೋ ಸಲ ಹುಟ್ಟಿಗೆ ಕಿವಿ ಹಚ್ಚಿದೆ. ನನಗೆ ಕೇಳಿಸಿದ್ದು ನನ್ನ ಹೊಟ್ಟೆಯ ಸದ್ದು ಮಾತ್ರ. "ನಿಂಗೆ ಇದು ಬರಾಕಿಲ್ಲ ಕಣ್ಲಾ, ನೀನು ಮೊದ್ಲು ಬಾಯಿ ಮುಚ್ಚದು ಕಲಿ" ಅಂತ ಅವನು ಬೈಯುತ್ತಿದ್ದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಗೋವಿಂದಣ್ಣ ರಿಟೈರ್ ಆದ ವರ್ಷವೇ ಮಿಷಿನ್ ಬಂತು. ಟಿಫನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಅದಕ್ಕೊಂದು ಪರದೆ, ಒಂದು ಉದ್ದ ವೈರು, ವೈರಿನ ತುದಿಯಲ್ಲಿ ಅಂಗೈಯಗಲದ ಕರಿ ಗುಂಡು. ಆ ಗುಂಡನ್ನು ದೋಣಿಯ ತಳಕ್ಕೆ ನೀರಿನಲ್ಲಿ ಕಟ್ಟಬೇಕು. ಅದು ನೀರಿನೊಳಕ್ಕೆ ಸದ್ದು ಕಳಿಸುತ್ತದೆ, ತಳಕ್ಕೋ ಮೀನಿಗೋ ತಾಗಿ ವಾಪಸ್ ಬಂದ ಸದ್ದನ್ನು ಕೇಳಿ ಪರದೆಯ ಮೇಲೆ ಬರೆಯುತ್ತದೆ. ನಾವು ಅದಕ್ಕೆ 'ಕಿವಿ' ಅಂತ ಹೆಸರಿಟ್ಟೆವು. ಗೋವಿಂದಣ್ಣನ ಕೆಲಸವನ್ನೇ ಅದು ಮಾಡುತ್ತಿತ್ತು, ವೀಳ್ಯ ಮಾತ್ರ ಕೇಳುತ್ತಿರಲಿಲ್ಲ.

ಆಗಿನ ನಮ್ಮ ಸಾಹೇಬರು ಬಹಳ ಜೋಪಾನದ ಮನುಷ್ಯ. ಮಿಷಿನ್‌ಗೆ ಅರಿಶಿನ ಕುಂಕುಮ ಹಚ್ಚಿಸಿ, ಪ್ಲಾಸ್ಟಿಕ್ ಸುತ್ತಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಎರಡು ಆಯುಧಪೂಜೆ ಅದು ಬೀರುವಿನಲ್ಲೇ ಮಾಡಿಸಿಕೊಂಡಿತು. "ಸಾರ್, ನೀರಿಗೆ ಇಳಿಸೋಣವಾ?" ಅಂದರೆ, "ನೀರು ತಾಗಿದರೆ ಕೆಟ್ಟುಹೋಗುತ್ತದಯ್ಯಾ" ಅನ್ನುತ್ತಿದ್ದರು. ಬೆನ್ನ ಹಿಂದೆ ನಾವು ಅವರನ್ನು ಬೀರು ಸಾರ್ ಅಂತಲೇ ಕರೆಯುತ್ತಿದ್ದೆವು.

ಕೊನೆಗೆ ಮೇಲಿನಿಂದ ಯಾರೋ ಬರುತ್ತಾರೆಂದು ಗೊತ್ತಾಗಿ ಮಿಷಿನ್ ಹೊರಗೆ ಬಂತು. ಮೋಟಾರ್ ದೋಣಿ ರಿಪೇರಿಯಲ್ಲಿತ್ತು. ಹರಿಗೋಲಿಗೆ ಕಟ್ಟಿದೆ. ಆ ದಿನ ಗಾಳಿಯಿಲ್ಲ, ಹರಿಗೋಲು ನಿಂತಲ್ಲೇ ನಿಂತಿದೆ. ಪರದೆಯ ಮೇಲೆ ಒಂದು ದಪ್ಪ ಗೆರೆ ಶುರುವಾಯಿತು. ಬೆಳೆಯಿತು, ಬೆಳೆಯಿತು, ಪರದೆಯ ಈ ಕೊನೆಯಿಂದ ಆ ಕೊನೆಗೆ ಮುಟ್ಟಿತು. "ಸಾರ್, ಮೂವತ್ತು ಅಡಿ ಮೀನು!" ಅಂತ ಕೂಗಿಬಿಟ್ಟೆ. ಬೀರು ಸಾರ್ ದಡದಿಂದಲೇ, "ಮೊದಲು ಮಿಷಿನ್ ಕಾಪಾಡಯ್ಯಾ, ಆಮೇಲೆ ನೀನು ಬಾ!" ಅಂದರು. ಮಧ್ಯಾಹ್ನದ ಹೊತ್ತಿಗೆ ಕೊಳತ್ತೂರು ಬಸ್ಸಿನಲ್ಲಿ ಅದು ಮೊಸಳೆ, ಸಂಜೆಗೆ ಹೆಬ್ಬಾವು. ನಾಲ್ಕು ದಿನ ಒಬ್ಬರೂ ಬಟ್ಟೆ ಒಗೆಯಲು ನೀರಿಗಿಳಿಯಲಿಲ್ಲ.

ಆಗಿದ್ದೇನೆಂದರೆ, ಪರದೆ ಫೋಟೋ ಅಲ್ಲ. ಅದು ಬಲದಿಂದ ಎಡಕ್ಕೆ ಹೊತ್ತು ಸರಿದಂತೆ ಸರಿಯುತ್ತದೆ. ದೋಣಿಯೂ ನಿಂತು ಕೆಳಗೆ ಒಂದು ಜಿಲೇಬಿ ಮೀನೂ ನಿಂತಿದ್ದರೆ, ಅದೊಂದೇ ಮೀನನ್ನು ಮಿಷಿನ್ ಮತ್ತೆ ಮತ್ತೆ ಕೇಳಿ ಉದ್ದಕ್ಕೆ ಗೆರೆ ಎಳೆಯುತ್ತದೆ. ದೋಣಿ ಓಡುತ್ತಿದ್ದರೆ ಮಾತ್ರ ಮೀನು ಹುಬ್ಬಿನ ಹಾಗೆ ಬಾಗಿ ಕಾಣುತ್ತದೆ. ನನ್ನ ಮೂವತ್ತು ಅಡಿ ಮೀನು ಬಹುಶಃ ಒಂದು ಗೇಣು ಇತ್ತು.

ಮುಂದಿನ ಬೇಸಿಗೆಯಲ್ಲಿ ಬೀರು ಸಾರ್ ತಾವೇ ಪರದೆ ನೋಡಿದರು. ತಳಕ್ಕಿಂತ ಬಹಳ ಮೇಲೆ ಒಂದು ಮಸುಕು ಗೆರೆ. "ನೋಡಯ್ಯಾ, ಹೂಳು ಇಷ್ಟು ತುಂಬಿಬಿಟ್ಟಿದೆ" ಅಂತ ತಲೆಯ ಮೇಲೆ ಕೈ ಹೊತ್ತುಕೊಂಡರು. ಮೇಲೆ ಬಿಸಿ ನೀರು, ಕೆಳಗೆ ತಣ್ಣೀರು, ಎರಡೂ ಸೇರುವಲ್ಲಿ ಮಿಷಿನ್ ಅಂಥ ಗೆರೆ ಎಳೆಯುತ್ತದೆ ಅಂತ ಆಗ ಇಬ್ಬರಿಗೂ ಗೊತ್ತಿಲ್ಲ. ನಾನು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿದೆ. ಕಲ್ಲು ಹೂಳಿನೊಳಗೆ ಸಲೀಸಾಗಿ ಇಳಿದುಹೋಯಿತು. "ಮೆತ್ತಗಿನ ಹೂಳು" ಅಂದರು ಸಾರ್. ನಾನು ಹೌದು ಸಾರ್ ಅಂದೆ. ಹೊಸಬರೇ, ಅಂಥ ಕಡೆ ಹೌದು ಸಾರ್ ಅನ್ನಬೇಡಿ, ಇನ್ನೊಂದು ಸಲ ಕಲ್ಲು ಇಳಿಸಿ.

ಅವರ ನಂತರ ಬಂದವರು ಅಮುದಾ ಮೇಡಂ. ಸಮುದ್ರದ ಕಡೆಯವರು, ದೊಡ್ಡ ಬೋಟುಗಳಲ್ಲಿ ಈ ಮಿಷಿನ್ ಜೊತೆ ಪಳಗಿದವರು. ಎತ್ತರದ ಆಳು, ಕಡಿಮೆ ಮಾತು. ಬಂದ ಎರಡನೇ ದಿನವೇ ಪ್ಯಾಂಟು ಮಡಚಿಕೊಂಡು ದೋಣಿ ಹತ್ತಿದರು. ಮಿಷಿನ್‌ನಲ್ಲಿ ಒಂದು ಸೌಲಭ್ಯ ಇತ್ತು: ವಾಪಸ್ ಬಂದ ಸದ್ದು ಮೀನಿನದ್ದು ಅಂತ ತನಗೆ ಅನ್ನಿಸಿದರೆ ಅದೇ ಒಂದು ಮುದ್ದಾದ ಮೀನಿನ ಬೊಂಬೆ ಬರೆದು 'ಟಿಂಗ್' ಅನ್ನುತ್ತದೆ. ನನಗೆ ಆ ಬೊಂಬೆ ಅಂದರೆ ಪ್ರಾಣ. ಮೇಡಂ ನೋಡಿದವರೇ ಮುಖ ಸಿಂಡರಿಸಿದರು. "ಮಾದೇಶನ್, ಇದನ್ನು ಆಫ್ ಮಾಡಿ. ಮಿಷಿನ್ ಕೇಳಿದ್ದನ್ನು ತೋರಿಸಲಿ ಸಾಕು, ಅಂದಾಜು ಮಾಡೋದು ನಿಮ್ಮ ಕೆಲಸ" ಅಂದರು. ಮೀನಿನ ಹೊಟ್ಟೆಯಲ್ಲಿ ಗಾಳಿಚೀಲ ಇದೆ, ಮಿಷಿನ್‌ಗೆ ಮುಖ್ಯವಾಗಿ ಕೇಳಿಸುವುದು ಆ ಗಾಳಿಯೇ, ಗಾಳಿ ಎಲ್ಲಿದ್ದರೂ ಅದು ಮೀನು ಅಂದುಕೊಳ್ಳುತ್ತದೆ ಅಂತಲೂ ವಿವರಿಸಿದರು. ನಾನು ಆಮಾ ಮೇಡಂ, ಆಮಾ ಮೇಡಂ ಅಂತ ತಲೆ ಆಡಿಸಿದೆ. ಅವರು ದೋಣಿ ಇಳಿದ ಮೇಲೆ ಬೊಂಬೆ ಮತ್ತೆ ಆನ್ ಮಾಡಿದೆ.

ಆ ವರ್ಷ ಬೇಸಿಗೆಯಲ್ಲಿ ನನ್ನನ್ನು ಮಿಷಿನ್ ಸಮೇತ ಪಾಲಕೋಡ್ ಕಡೆಯ ಒಂದು ಸಣ್ಣ ಡ್ಯಾಮಿಗೆ ಹಾಕಿದರು. ನಾಲ್ಕು ತಿಂಗಳ ಕೆಲಸ. ಮಿಷಿನ್ ಟೊಮೊಟೊ ಕ್ರೇಟಿನೊಳಗೆ, ನಾನು ಟೊಮೊಟೊ ವ್ಯಾನಿನೊಳಗೆ, ಹೀಗೆ ನಮ್ಮ ಓಡಾಟ. ನೀರೊಳಗೆ ಇರುವುದನ್ನು ತೋರಿಸುವ ಮಿಷಿನ್ ಬಂದಿದೆ ಅಂತ ಸುದ್ದಿ ಹಬ್ಬಿ, ಒಬ್ಬ ರೈತ ತನ್ನ ಬಾವಿಯಲ್ಲಿ ಬಿದ್ದ ಪಂಪ್‌ಸೆಟ್ ಹುಡುಕಿಕೊಡಿ ಅಂತ ಗಂಟುಬಿದ್ದ. ಬಾವಿಯೊಳಗೆ ಕಿವಿ ಇಳಿಸಿದೆ. ನಾಲ್ಕೂ ಗೋಡೆಯಿಂದ ಸದ್ದು ಬಡಿದು ಬಂದು ಪರದೆ ತುಂಬ ಮೀನಿನ ಬೊಂಬೆ, ಟಿಂಗ್ ಟಿಂಗ್ ಟಿಂಗ್! ಆ ರೈತನ ತಾಯಿ ನಗುತ್ತಾ, "ಅಯ್ಯಾ ಸಾಮಿ, ಇದರಾಗೆ ಕಪ್ಪೆ ಬಿಟ್ರೆ ಏನೂ ಇಲ್ಲ. ಮೋಟ್ರು ಆ ಮೂಲೆಗೈತೆ, ಬಿದ್ದಾಗ ನಾನೇ ಕಂಡೆ" ಅಂತ ಬಿದಿರ ಗಳು ಹಾಕಿ ಟಣ್ ಅಂತ ಮುಟ್ಟಿ ತೋರಿಸಿದಳು. ಅಷ್ಟು ಚೆನ್ನಾಗಿ ಪಾಠ ಆದ ಮೇಲೂ ನಾನು ಬೊಂಬೆ ಆಫ್ ಮಾಡಲಿಲ್ಲ.

ಅಲ್ಲಿದ್ದಾಗ ಒಂದು ಬೆಳಗ್ಗೆ ಟೊಮೊಟೊ ಮಂಡಿಯ ಗದ್ದಲದ ನಡುವೆ ಫೋನ್ ಬಂತು. ನಮ್ಮಕ್ಕ, ಕೆಂಪಕ್ಕ. "ಮಾದೇಸ, ಒಲಕ್ಕೆ ನೀರು ಬಂದ್ಬುಡ್ತು ಕಣೋ" ಅಂದಳು. ನಾನು ವ್ಯಾನ್ ಹತ್ತುವ ಅವಸರದಲ್ಲಿದ್ದೆ. "ಸರಿಯಕ್ಕ, ಆಮೇಲೆ ಮಾಡ್ತೀನಿ" ಅಂತ ಇಟ್ಟೆ. ಆಮೇಲೆ ಮಾಡಲಿಲ್ಲ. ಒಂದು ವಾರ ಆಯಿತು, ಎರಡು ವಾರ ಆಯಿತು, ಮರೆತೇಬಿಟ್ಟೆ.

ಅಕ್ಕನ ವಿಷಯ ಸ್ವಲ್ಪ ಹೇಳಬೇಕು. ಪಾಲಮಲೆಯ ಬುಡದಲ್ಲಿ, ನೀರಿನಂಚಿಗೆ ನಮ್ಮ ಊರು ಕರಡಿಪಟ್ಟಿ. ಇಪ್ಪತ್ತು ಮನೆ, ಒಂಬತ್ತು ಹರಿಗೋಲು. ನೀರು ಇದ್ದಾಗ ಮೀನು ಹಿಡಿಯುತ್ತಾರೆ. ಬೇಸಿಗೆಯಲ್ಲಿ ಜಲಾಶಯ ಇಳಿದರೆ ಹರಿಗೋಲನ್ನು ಬೋರಲು ಹಾಕಿ, ನೀರು ಬಿಟ್ಟುಕೊಟ್ಟ ಮಣ್ಣಿನಲ್ಲಿ ಉತ್ತು ಬಿತ್ತುತ್ತಾರೆ. ಅದು ಯಾರ ಹೆಸರಿನ ಜಮೀನೂ ಅಲ್ಲ, ಆದರೆ ಯಾರ ಹೊಲ ಎಲ್ಲಿ ಅಂತ ಊರಿಗೆಲ್ಲ ಗೊತ್ತು, ಅಪ್ಪ ಉತ್ತ ಜಾಗ ಮಕ್ಕಳು ಉಳುತ್ತಾರೆ. ಮೇಲಿನಿಂದ ನೀರು ಬರುವುದರೊಳಗೆ ಕೊಯ್ದರೆ ಬೆಳೆ ನಮ್ಮದು, ಇಲ್ಲದಿದ್ದರೆ ಕಾವೇರಮ್ಮನದು. ನಮ್ಮಪ್ಪನ ಜಾಗವನ್ನು ಅಕ್ಕ ಉಳುತ್ತಿದ್ದಳು. ನಾನು ಓದಿದ್ದು, ಉಂಡದ್ದು ಎಲ್ಲ ಆ ಜೋಳದಲ್ಲೇ.

ಪಾಲಕೋಡಿನಿಂದ ವಾಪಸ್ ಬಂದಾಗ ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ಶುರುವಾಗಿತ್ತು, ಜಲಾಶಯ ತುಂಬುತ್ತಾ ಇತ್ತು. ಹೊಸ ನೀರಿಗೆ ದೊಡ್ಡ ಮೀನುಗಳು ಮೊಟ್ಟೆ ಇಡಲು ಎಲ್ಲಿ ಸೇರುತ್ತವೆ ಎಂದು ನೋಡಿ ಬರೆಯಿರಿ, ಆ ಜಾಗದಲ್ಲಿ ಸ್ವಲ್ಪ ಕಾಲ ಬಲೆ ನಿಲ್ಲಿಸೋಣ ಅಂದರು ಮೇಡಂ. ಒಬ್ಬನೇ ಮೋಟಾರ್ ದೋಣಿ ತೆಗೆದುಕೊಂಡು ಹೊರಟೆ. ಮೂರು ದಿನ ಏನೂ ಸಿಗಲಿಲ್ಲ. ನಾಲ್ಕನೇ ದಿನ ಪಾಲಮಲೆಯ ಅಡಿಯ ಕೊಲ್ಲಿಗೆ ತಿರುಗಿದೆ ನೋಡಿ, ಟಿಂಗ್! ಟಿಂಗ್ ಟಿಂಗ್! ಪರದೆಯ ಕೆಳಗೆ ಬೊಂಬೆಯ ಮೇಲೆ ಬೊಂಬೆ, ಸಂತೆ ಸೇರಿದ ಹಾಗೆ. ತಳಕ್ಕಿಂತ ಒಂದಾಳು ಎತ್ತರದವರೆಗೆ ಮೀನು, ಮೀನು, ಮೀನು. ಅಯ್ಯೋ ನನ್ನ ಖುಷಿಯೇ! ದೋಣಿಯಲ್ಲಿ ಒಬ್ಬನೇ ಎದ್ದು ಕುಣಿದೆ. ಊರು ಅಲ್ಲೇ ಕಾಣುತ್ತಿತ್ತು. ಅಕ್ಕನ ಮನೆಯ ಹೊಗೆ ಕಾಣುತ್ತಿತ್ತು. ಮೇಡಂಗೆ ಬೇಗ ಹೇಳಬೇಕಲ್ಲ, ದಡಕ್ಕೆ ಹೋಗದೆ ದೋಣಿ ತಿರುಗಿಸಿದೆ.

ಮೇಡಂ ನನ್ನ ಕಾಗದ ಓದಿ ಮೊದಲ ಸಲ ನಕ್ಕರು. "ನಲ್ಲ ವೇಲೆ, ಮಾದೇಶನ್" ಅಂದರು, ಒಳ್ಳೆ ಕೆಲಸ ಅಂತ. ಎರಡೇ ದಿನಕ್ಕೆ ನೋಟಿಸು ತಯಾರು: ಆ ಕೊಲ್ಲಿಯಲ್ಲಿ ಎರಡು ತಿಂಗಳು ಯಾರೂ ಬಲೆ ಹಾಕಬಾರದು. ಊರಿಗೆ ಹೋಗಿ ಅಂಟಿಸುವ ಕೆಲಸವೂ ನನಗೇ ಬಂತು.

ಗೋಂದಿನ ಡಬ್ಬಿ ಹಿಡಿದು ಹೋದಾಗ ಅಕ್ಕ ಜಗುಲಿಯ ಮೇಲೆ ಬಲೆ ಹೆಣೆಯುತ್ತಾ ಕೂತಿದ್ದಳು. ನನ್ನನ್ನು ನೋಡಿ ಎದ್ದೇಳಲಿಲ್ಲ.

"ಬಾರಪ್ಪ ದೊಡ್ಡ ಮನ್ಸಾ. ಅದೇನ್ಲಾ ಕೈಯಾಗೆ, ಯಾವ ಸಿನಿಮಾ ಬಂದೈತೆ?"

ನೋಟಿಸು ತಮಿಳಿನಲ್ಲಿತ್ತು. ಅಕ್ಕ ತಮಿಳು ಸಲೀಸಾಗಿ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ನಾನೇ ಓದಿ ಹೇಳಿದೆ. ಅವಳ ಕೈ ನಿಂತುಹೋಯಿತು.

"ಎರಡ್ ತಿಂಗ್ಳಾ? ಈ ಆಡಿ ಗಾಳಿಯಾಗಾ? ಕೊಲ್ಲಿ ಬುಟ್ರೆ ಅರಿಗೋಲು ಎಲ್ಲಿ ಆಕಾನ, ನಡು ನೀರ್‌ಗಾ? ಓದ ವರ್ಸ ನಿಮ್ಮ ಬಾವ ನಡು ನೀರ್‌ಗೆ ಓಗಿ ಮಗುಚಿಕೊಂಡು, ಭುಜ ಮುರ್ಕೊಂಡು ಬಂದಿದ್ದು ಮರ್ತೋಯ್ತಾ?"

ಮರೆತಿರಲಿಲ್ಲ. ಅಂದಿನಿಂದ ಭಾವನ ಬಲಗೈ ಮೇಲೇಳುವುದಿಲ್ಲ, ಹರಿಗೋಲು ಹಾಕುವವಳು ಅಕ್ಕನೇ. ಆಡಿ ಗಾಳಿಗೆ ಹರಿಗೋಲು ತಡೆಯುವುದು ಮಲೆಯ ಮರೆಯಿರುವ ಆ ಕೊಲ್ಲಿಯೊಳಗೆ ಮಾತ್ರ. ಅದನ್ನು ಮುಚ್ಚಿದರೆ ಒಂಬತ್ತು ಹರಿಗೋಲೂ ಒಂದೋ ದಡದಲ್ಲಿ ಬೋರಲು ಬೀಳಬೇಕು, ಇಲ್ಲ ಜೀವ ಕೈಯಲ್ಲಿ ಹಿಡಿದು ನಡು ನೀರಿಗೆ ಹೋಗಬೇಕು. ಗೊತ್ತಿದ್ದೂ ನಾನು, "ಏನ್ ಮಾಡದಕ್ಕ, ಮೀನು ಅಷ್ಟು ಐತೆ. ಮಿಷಿನ್ ತೋರ್ಸೈತೆ" ಅಂದೆ.

"ಎಲ್ಲೈತೆ?"

"ಆ ಬಾಗಿದ ಬಂಡೆಯಿಂದ ಈ ಹುಣಸೆಮರದ ನೇರಕ್ಕೆ. ತಳದಲ್ಲಿ ಒಂದಾಳೆತ್ತರ ಮೀನೇ ಮೀನು."

ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಲೆ ಪಕ್ಕಕ್ಕಿಟ್ಟಳು.

"ಲೋ ಮಾದೇಸ, ಅದು ಮೀನಲ್ಲ ಕಣೋ. ನನ್ನ ಜ್ವಾಳ."

ನಾನು ಕೊಲ್ಲಿಯ ಕಡೆ ತಿರುಗಿ ನೋಡಿದೆ.

"ತೆನೆ ಕಟ್ಟಿತ್ತು. ಇನ್ನೊಂದು ವಾರ ಇದ್ದಿದ್ರೆ ಕುಯ್ತಿದ್ದೆ. ಒಂದು ರಾತ್ರಿಗೆ ನೀರು ಬಂತು. ನಿಂತಂಗೆ ಮುಳುಗೋಯ್ತು, ಅಂಗೇ ನಿಂತೈತೆ ಒಳಗೆ. ಫೋನ್ ಮಾಡಿದ್ನಲ್ಲೋ ನಿಂಗೆ! ಅಪ್ಪನ ಒಲ ನಿಂಗೆ ಗುರ್ತು ಸಿಗ್ನಿಲ್ವಾ?"

ದಂಟಿನ ಬೆಂಡಿನೊಳಗೆಲ್ಲ ಗಾಳಿ. ಮಿಷಿನ್ ಗಾಳಿಯನ್ನು ಕೇಳಿ ಮೀನಿನ ಬೊಂಬೆ ಬರೆದಿದೆ. ಅಕ್ಕನ ಬೆಳೆ ಮುಳುಗಿದ್ದರ ಮೇಲೆ ದೋಣಿ ನಿಲ್ಲಿಸಿಕೊಂಡು ನಾನು ಕುಣಿದಿದ್ದೇನೆ. ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಗೋಂದಿನ ಡಬ್ಬಿ ಮುಚ್ಚಿ, ನೋಟಿಸು ಅಂಟಿಸದೆ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕೂತ ಮೇಲೆ ಇನ್ನೊಂದು ಯೋಚನೆ ಬಂತು. ಈಗ ಮೇಡಂ ಹತ್ತಿರ ಹೋಗಿ ಏನು ಹೇಳಲಿ? ಊರಿಗೆ ನೋಟಿಸು ಅಂಟಿಸಲು ಹೋದವನು, ಊರಲ್ಲಿ ಅಕ್ಕನನ್ನು ಕಂಡವನು, ವಾಪಸ್ ಬಂದು 'ಅಲ್ಲಿ ಮೀನಿಲ್ಲ' ಅಂದರೆ ಯಾರು ನಂಬುತ್ತಾರೆ? ಸುಮ್ಮನಿದ್ದರೆ ಅಕ್ಕ ನಡು ನೀರಿಗೆ ಹೋಗುತ್ತಾಳೆ. ಹೇಳಿದರೆ ಅಕ್ಕನಿಗಾಗಿ ಸುಳ್ಳು ಹೇಳಿದವನು ಅನ್ನಿಸಿಕೊಳ್ಳುತ್ತೇನೆ. ಬಸ್ಸು ಇಳಿಯುವ ತನಕ ತಲೆ ಕೆಟ್ಟು ಗೊಬ್ಬರವಾಯಿತು.

ಹೇಳಿದೆ. ಪೂರ್ತಿ ಹೇಳಿದೆ, ಬೊಂಬೆ ಆಫ್ ಮಾಡದೇ ಇದ್ದದ್ದನ್ನೂ ಸೇರಿಸಿ. ಪಕ್ಕದ ಮೇಜಿನ ಗುಮಾಸ್ತ ಕೆಮ್ಮಿದ, "ಅಕ್ಕಾವುಕ್ಕಾಗ ಮಾತ್ತಿಟ್ಟಾರು" ಅಂತ ಮೆಲ್ಲಗೆ ಅಂದ. ಅಕ್ಕನಿಗೋಸ್ಕರ ಬದಲಾಯಿಸಿದ ಅಂತ. ನನಗೆ ಕೇಳಿಸುವಷ್ಟು ಮೆಲ್ಲಗೆ.

ಮೇಡಂ ನೋಟಿಸನ್ನು ವಾಪಸ್ ತೆಗೆದುಕೊಂಡರು. "ನಾಳೆ ಬೆಳಗ್ಗೆ ನಾನೇ ಬರುತ್ತೇನೆ. ಅಲ್ಲಿಯ ತನಕ ಊರಿಗೆ ಫೋನ್ ಮಾಡಬೇಡಿ" ಅಂದರು. ಫೋನನ್ನು ಅವರ ಮೇಜಿನ ಮೇಲೇ ಇಟ್ಟು ಮನೆಗೆ ಹೋದೆ.

ಮಾರನೇ ದಿನ ಬಿಸಿಲು ಏರುವ ಮೊದಲೇ ಕೊಲ್ಲಿ ಸೇರಿದೆವು. ಮೇಡಂ ಪರದೆಯ ಮುಂದೆ, ನಾನು ಮೋಟಾರಿನ ಹತ್ತಿರ. ಟಿಂಗ್ ಟಿಂಗ್ ಶುರುವಾಯಿತು. "ಮೀನ್ ದಾನೇ?" ಅಂದರು ಮೇಡಂ, ಮೀನೇ ತಾನೆ ಅಂತ. ಆಮೇಲೆ ತಾವೇ ಬೊಂಬೆ ಆಫ್ ಮಾಡಿದರು. ಬೊಂಬೆಗಳು ಹೋದವು, ತಳದಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಸಣ್ಣ ಗೆರೆಗಳು ಉಳಿದವು. "ಹುಲ್ಲೂ ಇರಬಹುದು, ಮುಳ್ಳುಗಿಡವೂ ಇರಬಹುದು. ಜೋಳವೇ ಅಂತ ಹೇಗೆ?" ಅಂದರು. ನ್ಯಾಯವಾದ ಪ್ರಶ್ನೆ.

ಅಷ್ಟರಲ್ಲಿ ದೋಣಿಯ ಸದ್ದು ಕೇಳಿ ಅಕ್ಕ ಹರಿಗೋಲು ಹಾಕಿಕೊಂಡು ಬಂದಳು. ಮೇಡಂ ಕೈ ಹಿಡಿದು ಅವಳನ್ನು ನಮ್ಮ ದೋಣಿಗೆ ಹತ್ತಿಸಿಕೊಂಡರು, ಪರದೆಯ ಕಡೆಗೆ ಬೆನ್ನು ಮಾಡಿ ಕೂರಿಸಿದರು. "ಅಮ್ಮಾ, ನಿಮ್ಮ ಹೊಲ ಇದೇ ಅಂದರೆ, ಕೆಳಗೆ ಏನಿದೆ ಅಂತ ಹೇಳುತ್ತಾ ಬನ್ನಿ."

ಅಕ್ಕ ನೀರು ನೋಡಲಿಲ್ಲ. ಒಂದು ಸಲ ಬಾಗಿದ ಬಂಡೆ ನೋಡಿದಳು, ಒಂದು ಸಲ ಪಾಲಮಲೆಯ ತುದಿ ನೋಡಿದಳು. ನಾನು ದೋಣಿ ನಿಧಾನವಾಗಿ ಬಿಟ್ಟೆ.

"ಈಗ ಜ್ವಾಳ... ಜ್ವಾಳ... ಇನ್ನೊಂದು ಚೂರು ಓದ್ರೆ ನೆಲದಾಗೆ ಒಂದು ಅರೆಕಲ್ಲು ಬತ್ತದೆ, ಅಲ್ಲಿ ಬೆಳೆ ಇಲ್ಲ... ಈಗ!"

ಪರದೆಯ ಮೇಲೆ ಗೆರೆಗಳು ಪಟ್ಟನೆ ನಿಂತವು. ಬರಿ ತಳ, ಗಟ್ಟಿ ತಳ. ಮೇಡಂ ನನ್ನ ಕಡೆ ತಿರುಗಿದರು. ನಾನು ಮೋಟಾರು ಹಿಡಿದ ಕೈ ಅಲ್ಲಾಡಿಸಲಿಲ್ಲ.

"ಮತ್ತೆ ಜ್ವಾಳ. ಈಗ ಬದ, ಒಂದೇ ಮಾರು. ಬದ ದಾಟಿದ್ರೆ ಅಲಸಂದೆ, ಕುಳ್ಳು ಬೆಳೆ."

ಬದು ಉಬ್ಬಿ ಕಾಣಿಸಿತು. ಆಮೇಲೆ ಗೆರೆಗಳು ಗಿಡ್ಡವಾದವು, ಬರಿ ಮೊಣಕಾಲುದ್ದ. ಮೇಡಂ ಬಾಯಿಂದ "ಅಮ್ಮಾಡಿ!" ಅಂತ ಬಂತು. ಅಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ. ಹೊಲದ ಕೊನೆಯ ತನಕ ಅಕ್ಕ ಹೇಳುತ್ತಾ ಹೋದಳು, ಮಿಷಿನ್ ಹಿಂದೆಯೇ ಹೌದು ಹೌದು ಅನ್ನುತ್ತಾ ಬಂತು. ಹೊಲ ಮುಗಿದ ಮೇಲೆ ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಆದರೂ ಮೇಡಂ ಕೈಗೆ ಸಿಗುವ ಸಾಕ್ಷಿ ಬೇಕು ಅಂದರು. ಒಂದು ಬಲೆ ಹಾಕಿ ಅಂದರು. ಅಕ್ಕ ಒಪ್ಪಲಿಲ್ಲ.

"ಬೆಳೆ ನಿಂತಿರೋ ಒಲದ ಮ್ಯಾಲೆ ನಾವು ಬಲೆ ಆಕಲ್ಲಮ್ಮ. ದಂಟು ಕೊಳ್ತು ಮಲಗೋ ಗಂಟ ಯಾರೂ ಆಕಲ್ಲ. ಬಲೆ ಅರ್ದೋಯ್ತದೆ, ಅದೊಂದು. ಉತ್ತೋರ ಒಟ್ಟೆ ಉರ್ದಿರ್ತದೆ, ಅದಿನ್ನೊಂದು. ಮಲಗಿದ ಮ್ಯಾಲೆ ಆಕಿದ್ರೂ ಮೊದ್ಲು ಸಿಕ್ಕಿದ ಮೀನು ಒಲದೋರ್ಗೆ ಕೊಡ್ಬೇಕು. ನಮ್ಮೂರ ಪದ್ದತಿ."

ಮೇಡಂ ಒತ್ತಾಯ ಮಾಡಲಿಲ್ಲ. ಲಂಗರು ಇಳಿಸಿ ಮೆಲ್ಲಗೆ ಎಳೆಯಲು ಹೇಳಿದರು. ಎಳೆದೆ. ಲಂಗರಿನ ಕೊಕ್ಕೆಗೆ ಒಂದು ಜೋಳದ ದಂಟು ಸಿಕ್ಕಿಕೊಂಡು ಬಂತು, ತೆನೆ ಸಮೇತ. ತೆನೆಯಲ್ಲಿ ಕಾಳು ಇರಲಿಲ್ಲ, ಯಾವ ಮೀನು ತಿಂದಿತ್ತೋ. ಅಕ್ಕ ಆ ತೆನೆಯನ್ನು ಕೈಯಲ್ಲಿ ಹಿಡಿದು ನೀರು ಒದರಿ, ಮೇಡಂ ಮುಂದೆ ಇಟ್ಟಳು.

ನೋಟಿಸು ಹರಿದುಹಾಕಿದರು. ಬದಲಿಗೆ ಮೇಡಂ ಹೊಸದೊಂದು ಬರೆದರು: ಮುಳುಗಿದ ಬೆಳೆ ಮಲಗುವ ತನಕ ಅದರ ಮೇಲೆ ಬಲೆ ಹಾಕಬಾರದು, ಕೊಲ್ಲಿಯ ಉಳಿದ ಜಾಗ ಹರಿಗೋಲಿನವರಿಗೆ. ನಾನು ಹೋಗಿ ಓದಿದಾಗ ಊರಿನವರು ನಕ್ಕರು. "ಇದ್ನ ನಾವು ನಮ್ಮಜ್ಜನ ಕಾಲ್ದಿಂದ ಮಾಡ್ತಾ ಇದ್ದೀವಿ, ಈಗ ಗೌರ್ಮೆಂಟ್‌ಗೂ ತಿಳೀತಾ?" ಅಂದಳು ಅಕ್ಕ. ಫೈಲಿನಲ್ಲಿ ನಾನು ನನ್ನ ಕೈಯಲ್ಲೇ ಬರೆದೆ: 'ಮೀನು ಎಂದು ನಾನು ಬರೆದದ್ದು ಜೋಳದ ಹೊಲ. ಹೊಲ ನನ್ನ ಅಕ್ಕನದು. ತಪ್ಪು ನನ್ನದು.' ಆ ಹಾಳೆಯನ್ನು ಗುಮಾಸ್ತ ಓದಿದ, ಆಫೀಸೆಲ್ಲ ಓದಿತು. ಸೋಳಮೀನ್ ಹೆಸರು ಆ ಮಧ್ಯಾಹ್ನವೇ ಹುಟ್ಟಿತು.

ಒಂದೂವರೆ ತಿಂಗಳಾದ ಮೇಲೆ ಒಂದು ಭಾನುವಾರ ಬಾಗಿಲು ಬಡಿದ ಸದ್ದು. ಅಕ್ಕ. ಎರಡು ಬಸ್ಸು ಬದಲಾಯಿಸಿ ಮೆಟ್ಟೂರಿಗೆ ಬಂದಿದ್ದಾಳೆ, ಕೈಯಲ್ಲಿ ತೇಗದೆಲೆಯಲ್ಲಿ ಸುತ್ತಿದ ಒಂದು ಕಟ್ಟು. ಬಿಚ್ಚಿದರೆ ಒಂದು ಕೆಂಡೆ ಮೀನು, ಮೊಳದುದ್ದ.

"ಬೆಳೆ ಮಲಗ್ತು. ನೆನ್ನೆ ಬಲೆ ಆಕ್ದೋ. ಮೊದಲ್ನೇ ಮೀನು."

"ಅಕ್ಕ, ಇದು ಹೊಲದವರಿಗೆ ಸೇರಬೇಕಾದ್ದು. ನನಗ್ಯಾಕೆ ತಂದೆ?"

ನಿಜ ಹೇಳುತ್ತೇನೆ, ಅವಳು ಬೈದಿದ್ದರೆ ಸಲೀಸಾಗಿತ್ತು. ಅವತ್ತಿನಿಂದ ನಾನು ಅವಳ ಹತ್ತಿರ ಸರಿಯಾಗಿ ಮಾತಾಡಿರಲಿಲ್ಲ. ಬೆಳೆ ಹೋಯಿತಲ್ಲ ಅಕ್ಕ, ಹೇಗಿದ್ದೀಯ ಅಂತ ಕೇಳಲು ಬಾಯಿ ಬಂದಿರಲಿಲ್ಲ. ಈಗ ಕೇಳಲು ಹೋದೆ, ಅಷ್ಟು ದೊಡ್ಡವನು ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ.

ಅಕ್ಕ ಮೀನನ್ನು ನನ್ನ ಎರಡೂ ಕೈಗಳಲ್ಲಿಟ್ಟಳು.

"ಅದು ಅಪ್ಪನ ಒಲ ಕಣ್ಲಾ. ನೀನೇನು ಒಲದೋನಲ್ವಾ?"

ಆಮೇಲೆ ನನ್ನನ್ನು ಸರಿಸಿಕೊಂಡು ಒಳಗೆ ಹೋಗಿ, ನನ್ನ ಹೆಂಡತಿಯ ಹತ್ತಿರ ಮಸಾಲೆ ಅರೆಯೋ ಕಲ್ಲು ಎಲ್ಲಿದೆ ಅಂತ ಕೇಳಿದಳು.